ಶಿಫಾರಸಪ್ಪನ ಎರಡನೇ ಕರಾರು

ಅವನ ನಿಜವಾದ ಹೆಸರು ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿದೆ. ಓದಿದವರು ಕಡಿಮೆ. ಆ ಕಟ್ಟಡದ ನಾಲ್ಕೂ ಅಂತಸ್ತಿನಲ್ಲಿ ಅವನು ಶಿಫಾರಸಪ್ಪನೆಂದೇ ಪ್ರಸಿದ್ಧ. ಈ ಬಿರುದು ಕೊಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ, ಒಪ್ಪದವರು ಮಾತ್ರ ಒಬ್ಬರೂ ಇಲ್ಲ. ತನಗೆ ಬೇಕಾದದ್ದನ್ನು ತಾನೇ ಬಾಯಿ ಬಿಟ್ಟು ಕೇಳಿದ ಮನುಷ್ಯ ಅವನಲ್ಲ. ಪಕ್ಕದ ಮನೆಯ ರೇಡಿಯೋ ಸದ್ದು ತಗ್ಗಬೇಕೆಂದರೆ ಅವನು ಹೆಂಡತಿಗೆ ಹೇಳುತ್ತಾನೆ, ಹೆಂಡತಿ ನೆಲಮಹಡಿಯ ಅಕ್ಕನಿಗೆ ಹೇಳುತ್ತಾಳೆ, ಅಕ್ಕ ಮೆಟ್ಟಿಲ ಬುಡದಲ್ಲಿ ನಿಂತು ಒಂದು ಕೂಗು ಹಾಕುತ್ತಾಳೆ, ರೇಡಿಯೋ ಗಪ್‌ಚಿಪ್. ಗೋಡೆಯಾಚೆಗಿನ ಕೆಲಸಕ್ಕೆ ಇಡೀ ಕಟ್ಟಡದ ಪ್ರದಕ್ಷಿಣೆ. ಆದರೂ ಕೆಲಸ ಆಗುತ್ತದಲ್ಲ, ಅವನಿಗೆ ಅಷ್ಟು ಸಾಕು.

ಈ ಅಕ್ಕ ಅವನ ಒಡಹುಟ್ಟಿದ ಅಕ್ಕ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತಳಾದವಳು, ಮದುವೆಯ ಗೋಜಿಗೆ ಹೋಗದೆ ಒಂಟಿಯಾಗಿಯೇ ಬಾಳಿದವಳು. ತುಂಬಿದ ಬಸ್ಸಿನ ಹಿಂಬಾಗಿಲಲ್ಲಿ ನಿಂತು ಮುಂಬಾಗಿಲಿಗೆ ಕೇಳಿಸುವಂತೆ ಮಾತಾಡಿ ಪಳಗಿದ ಗಂಟಲು ಅವಳದು. ತಮ್ಮ ಶಾಲೆಯಲ್ಲಿದ್ದಾಗ ಪ್ರವಾಸಕ್ಕೆ ಹೋಗಲು ಅಪ್ಪನ ಒಪ್ಪಿಗೆ ಬೇಕೆಂದರೆ ಅಕ್ಕನೇ ಹೋಗಿ ಕೇಳಬೇಕಿತ್ತು. "ಅವನಿಗೆ ಬಾಯಿಲ್ವಾ?" ಅಂತ ಅಪ್ಪ ಗದರಿದರೆ, "ಇದೆ ಅಪ್ಪ, ಊಟಕ್ಕೆ ಅಂತ ಇಟ್ಕೊಂಡಿದ್ದಾನೆ" ಅನ್ನುತ್ತಿದ್ದಳು. ವಿಮಾ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಅವನಿಗೆ ಕೆಲಸ ಸಿಕ್ಕಿದ್ದೂ ಅಕ್ಕ ತನ್ನ ಬಸ್ಸಿನ ದಿನನಿತ್ಯದ ಪ್ರಯಾಣಿಕರೊಬ್ಬರನ್ನು ಕೇಳಿದ್ದರಿಂದ. ಮದುವೆಯಂತೂ ಇನ್ನೂ ಚೆಂದ. ಕನ್ನಡಕದ ಅಂಗಡಿಯ ಹುಡುಗಿಯೊಬ್ಬಳು ಮನಸ್ಸಿಗೆ ಹಿಡಿಸಿ, ಇವನು ವಾರವಾರವೂ ಹೋಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬರುತ್ತಿದ್ದ. ಕಣ್ಣಿನಲ್ಲಿ ಯಾವ ದೋಷವೂ ಸಿಗದೆ ಅಂಗಡಿಯವರೇ ಗಾಬರಿಯಾದರು. ಕೊನೆಗೆ ಅಕ್ಕ ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಅಲ್ಲಿಗೆ ಹೋಗಿ, "ನನ್ನ ತಮ್ಮನಿಗೆ ಕಣ್ಣು ಚೆನ್ನಾಗಿದೆ, ಬಾಯಿ ಒಂದು ಕೆಲಸ ಮಾಡಲ್ಲ. ನೀನು ಅವನನ್ನ ಮದುವೆ ಆಗ್ತೀಯಾ?" ಅಂತ ಕೇಳಿದಳು. ಹುಡುಗಿ ನಕ್ಕು ಒಪ್ಪಿದಳು. ತಾನು ಒಪ್ಪಿದ್ದು ಅಕ್ಕನನ್ನು ನೋಡಿ ಅಂತ ಆಕೆ ಇವತ್ತಿಗೂ ಹೇಳುತ್ತಾಳೆ.

ಅಂದರೆ ಬೇರೆಯವರ ಬಾಯಿಂದ ಕೇಳಿಸಿದರೆ ಎಲ್ಲವೂ ಆಗುತ್ತದೆ ಎಂಬ ನಂಬಿಕೆ ಶಿಫಾರಸಪ್ಪನಿಗೆ ಸುಮ್ಮನೆ ಬಂದದ್ದಲ್ಲ. ಬಾಳೇ ಅವನಿಗೆ ಹಾಗೆ ಪಾಠ ಮಾಡಿತ್ತು.

ಆ ಕಟ್ಟಡದಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಇತ್ತು ಎಂದೇ ಬರೆಯಬೇಕು, ಏಕೆಂದರೆ ಅದನ್ನು ಇನ್ನಷ್ಟು ಒಳ್ಳೆಯದು ಮಾಡಲು ಇವನು ಹೊರಟ. ಪದ್ಧತಿಯ ಹೆಸರು ತಾಸು ಕೂಟ. ನೀವು ಇನ್ನೊಬ್ಬರ ಮನೆಯಲ್ಲಿ ಒಂದು ತಾಸು ನೆರವಾದರೆ ನಿಮ್ಮ ಪಾಲಿಗೆ ಒಂದು ತಾಸು ಜಮಾ. ನಿಮಗೆ ಕಷ್ಟ ಬಂದಾಗ ಆ ತಾಸನ್ನು ಕೊಟ್ಟು ಯಾರಿಂದಲಾದರೂ ನೆರವು ಪಡೆಯಬಹುದು. ಲೆಕ್ಕವೆಲ್ಲ ಮೆಟ್ಟಿಲ ಕೆಳಗಿನ ಕಪ್ಪು ಹಲಗೆಯ ಮೇಲೆ, ಇಲ್ಲವೇ ಕಟ್ಟಡದ ಸೆಕ್ರೆಟರಿಯ ತಲೆಯಲ್ಲಿ. ಒಂದು ಮಳೆಗಾಲದಲ್ಲಿ ಯಾರೋ ಹಲಗೆಗೆ ಒದ್ದೆ ಕೊಡೆ ಒರಗಿಸಿಟ್ಟು ಅರ್ಧ ಲೆಕ್ಕ ತೊಳೆದುಹೋಯಿತು. ಜನ ಅದರ ಮುಂದೆ ನಿಂತು ಜ್ಞಾಪಿಸಿಕೊಂಡು, ಸ್ವಲ್ಪ ಜಗಳವಾಡಿ, ಚಹಾ ಕುಡಿದು, ಸಂಜೆಯೊಳಗೆ ಮತ್ತೆ ಬರೆದುಬಿಟ್ಟರು. ಯಾರಿಗೂ ಇದೊಂದು ಸಮಸ್ಯೆ ಅನ್ನಿಸಲಿಲ್ಲ. ಶಿಫಾರಸಪ್ಪನಿಗೆ ಅನ್ನಿಸಿತು. ಅವನು ಆಗ ತಾನೇ ಬ್ಲಾಕ್‌ಚೈನ್ ಬಗ್ಗೆ ಸಂಜೆ ತರಗತಿಯೊಂದನ್ನು ಮುಗಿಸಿದ್ದ. ಹೊಸ ಸುತ್ತಿಗೆ ಕೊಂಡವನಿಗೆ ಮನೆಯ ಗೋಡೆಯೆಲ್ಲ ಮೊಳೆ ಬೇಡುತ್ತಿರುವಂತೆ ಕಾಣುತ್ತದಲ್ಲ, ಆ ಸ್ಥಿತಿ.

ಬ್ಲಾಕ್‌ಚೈನ್ ಎಂದರೆ ಯಾರೊಬ್ಬರ ಕೈಯಲ್ಲೂ ಇರದ, ಯಾರೂ ಅಳಿಸಲಾಗದ, ಎಲ್ಲೆಲ್ಲಿಯದೋ ಸಾವಿರಾರು ಕಂಪ್ಯೂಟರುಗಳು ಒಟ್ಟಾಗಿ ಕಾಯುವ ಲೆಕ್ಕ. ಅದರ ಮೇಲೆ ಕೂರಿಸುವ ಪುಟ್ಟ ಪ್ರೋಗ್ರಾಮಿಗೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಅನ್ನುತ್ತಾರೆ, ನಾವು ಕರಾರು ಅನ್ನೋಣ. ಒಮ್ಮೆ ಕೂರಿಸಿದ ಮೇಲೆ ಅದು ಬರೆದದ್ದನ್ನಷ್ಟೇ ಮಾಡುತ್ತದೆ. ಅಳು, ನಗು, ನೆಂಟಸ್ತಿಕೆ, ವಶೀಲಿ, ಯಾವುದೂ ಅದರ ಹತ್ತಿರ ನಡೆಯುವುದಿಲ್ಲ. "ಇನ್ನು ಮೇಲೆ ಈ ಕಟ್ಟಡದಲ್ಲಿ ಯಾರೂ ಯಾರನ್ನೂ ನಂಬಬೇಕಾಗಿಲ್ಲ" ಎಂಬುದು ಅವನ ಕನಸು. ಅಷ್ಟು ವರ್ಷ ನಂಬಿಕೊಂಡು ಹಾಯಾಗಿದ್ದ ಜನಕ್ಕೆ ಈ ಸುದ್ದಿಯನ್ನು ತಿಳಿಸುವವರು ಯಾರು? ಅಕ್ಕನೇ. ಸಭೆಯಲ್ಲಿ ಅವಳು ಎದ್ದು ನಿಂತು, "ನನ್ನ ತಮ್ಮ ಏನೋ ಮಾಡ್ತಾನಂತೆ, ಹಲಗೆ ಒದ್ದೆ ಆಗಲ್ವಂತೆ. ಮಾಡ್ಲಿ ಬಿಡಿ" ಅಂದಳು. ಅಕ್ಕ ಹೇಳಿದ ಮೇಲೆ ಇನ್ನೇನು, ಎಲ್ಲರೂ ಕೈ ಎತ್ತಿದರು. ಯಾರನ್ನೂ ನಂಬಬೇಕಿಲ್ಲದ ವ್ಯವಸ್ಥೆ ಹೀಗೆ ಅಕ್ಕನ ಮೇಲಿನ ನಂಬಿಕೆಯಿಂದ ಜಾರಿಗೆ ಬಂತು.

ಮೊದಲ ಕರಾರು ತಾಸುಗಳ ಟೋಕನ್, ಅಂದರೆ ಒಂದೊಂದು ತಾಸಿಗೆ ಒಂದೊಂದು ಲೆಕ್ಕದ ಬಿಲ್ಲೆ. ಅದು ಸೊಗಸಾಗಿತ್ತು, ಏಕೆಂದರೆ ಅದನ್ನು ಇವನು ಬರೆದದ್ದಲ್ಲ. ಎಲ್ಲರೂ ಬಳಸುವ ಮಾದರಿಯೊಂದನ್ನು ಇಳಿಸಿಕೊಂಡು ಹೆಸರು ಮಾತ್ರ ಬದಲಾಯಿಸಿದ್ದ. ಹಲಗೆಯ ಮೇಲಿದ್ದ ಲೆಕ್ಕವನ್ನೆಲ್ಲ ಅದಕ್ಕೆ ತುಂಬಿಸಿದ. ಆ ಟೋಕನ್ ಕರಾರು ಒಂದು ಕಿಟಕಿಯ ಹಿಂದೆ ಕೂತ ಗುಮಾಸ್ತನಿದ್ದಂತೆ. ಅದಕ್ಕೆ ಗೊತ್ತಿರುವ ಮುಖ್ಯ ಕೆಲಸ ಎರಡೇ. ಯಾರಾದರೂ ಬಂದು "ನನ್ನ ತಾಸನ್ನು ಇಂಥವರಿಗೆ ಕೊಡು" ಅಂದರೆ ಕೊಡುತ್ತದೆ. ಇಲ್ಲವೇ "ನನ್ನ ತಾಸಿನಲ್ಲಿ ಇಷ್ಟನ್ನು ಇಂಥವರು ಬಂದು ತಗೊಳ್ಳಬಹುದು" ಎಂದು ಅನುಮತಿ ಬರೆಸಿದರೆ, ಆಮೇಲೆ ಆ ಇಂಥವರು ಬಂದಾಗ ಕೊಡುತ್ತದೆ. ಎರಡರಲ್ಲೂ ಅದು ನೋಡುವುದು ಒಂದನ್ನೇ, ಈಗ ಕಿಟಕಿಯ ಮುಂದೆ ನಿಂತಿರುವುದು ಯಾರು ಎಂದು. ಅವರನ್ನು ಕಳಿಸಿದ್ದು ಯಾರು, ಅವರು ಯಾರ ಪರವಾಗಿ ಬಂದಿದ್ದಾರೆ ಎಂಬ ಗೊಡವೆ ಅದಕ್ಕಿಲ್ಲ.

ಎರಡನೇ ಕರಾರು ಮಾತ್ರ ಶಿಫಾರಸಪ್ಪನ ಸ್ವಂತ ಕೃತಿ. ಅದರ ಕೆಲಸ ಕಾಯ್ದಿರಿಸುವುದು. ಮುಂದಿನ ತಿಂಗಳು ನಿಮಗೆ ಇಂಥಿಂಥ ದಿನ ಜನ ಬೇಕೆಂದರೆ ಈ ಕರಾರಿಗೆ ಹೇಳಬೇಕು. ಅದು ಟೋಕನ್ ಕರಾರಿನ ಹತ್ತಿರ ಹೋಗಿ ನಿಮ್ಮ ತಾಸುಗಳನ್ನು ತೆಗೆದುಕೊಂಡು ತನ್ನ ಬಳಿ ಇಟ್ಟುಕೊಳ್ಳುತ್ತದೆ, ನೆರವಿಗೆ ಬಂದವರ ಕೆಲಸ ಮುಗಿದ ಮೇಲೆ ಅವರಿಗೆ ಕೊಡುತ್ತದೆ. ಇದರಲ್ಲಿ ಅವನಿಗೆ ಹಿಡಿಸದ ಸಂಗತಿಯೊಂದಿತ್ತು. ಜನ ಮೊದಲು ತಾವೇ ಟೋಕನ್ ಕರಾರಿನ ಬಳಿ ಹೋಗಿ "ಕಾಯ್ದಿರಿಸುವ ಕರಾರು ನನ್ನಿಂದ ತಗೊಳ್ಳಲಿ" ಎಂದು ಅನುಮತಿ ಬರೆಸಬೇಕು, ಆಮೇಲೆ ಇಲ್ಲಿಗೆ ಬರಬೇಕು. ಮನುಷ್ಯರನ್ನು ಹೀಗೆ ಖುದ್ದಾಗಿ ಓಡಾಡಿಸುವುದು ಅವನ ಪ್ರಕಾರ ಶುದ್ಧ ಅನಾಗರಿಕತೆ. ನಡುವೆ ಯಾರಾದರೂ ಹೋಗಿ ಕೇಳಬಾರದೆ? ಅದಕ್ಕೇ ಅವನು ಒಂದು ಸಾಲು ಬರೆದ. ಕಾಯ್ದಿರಿಸುವ ಕರಾರೇ ಸದಸ್ಯರ ಪರವಾಗಿ ಹೋಗಿ ಆ ಅನುಮತಿಯನ್ನು ಬರೆಸಿಬಿಡಲಿ. ಬರೆದಾದ ಮೇಲೆ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಅವನ ಇಡೀ ಜೀವನಚರಿತ್ರೆ ಆ ಒಂದು ಸಾಲಿನಲ್ಲಿ ಬಂದು ಕೂತಿತ್ತು.

ಟೋಕನ್ ಕರಾರು ಏನು ಮಾಡಿತು ಎನ್ನುತ್ತೀರಿ? ಕಿಟಕಿಯ ಮುಂದೆ ನಿಂತಿರುವುದು ಕಾಯ್ದಿರಿಸುವ ಕರಾರು. ಅನುಮತಿ ಯಾರಿಗೆ ಬೇಕಂತೆ? ಕಾಯ್ದಿರಿಸುವ ಕರಾರಿಗೆ. ಸರಿ, ಕಾಯ್ದಿರಿಸುವ ಕರಾರು ತನ್ನ ಸ್ವಂತ ತಾಸುಗಳನ್ನು ತಾನೇ ತಗೊಳ್ಳಬಹುದು ಎಂದು ಶ್ರದ್ಧೆಯಿಂದ ಬರೆದುಕೊಂಡು "ಆಯಿತು" ಎಂದಿತು. ಎಡಗೈಗೆ ಬಲಗೈ ಒಪ್ಪಿಗೆ ಕೊಟ್ಟ ಹಾಗೆ. ಸದಸ್ಯರ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಮರುಕ್ಷಣ ಕಾಯ್ದಿರಿಸುವ ಕರಾರು "ಈಗ ಆ ಸದಸ್ಯರ ತಾಸು ಕೊಡು" ಅಂದರೆ, "ಅವರು ನನಗೆ ಏನೂ ಹೇಳಿಲ್ಲ" ಎಂದು ಟೋಕನ್ ಕರಾರು ಕಿಟಕಿ ಮುಚ್ಚುವುದೇ ನ್ಯಾಯ.

ಪರೀಕ್ಷೆ ಮಾಡಿ ನೋಡಲಿಲ್ಲವೇ ಎಂದು ನೀವು ಕೇಳಬಹುದು. ನೋಡಿದ್ದ. ಪರೀಕ್ಷೆಗೆಂದು ತನ್ನ ಖಾತೆಗೆ ಒಂದು ತಾಸು ಹುಟ್ಟಿಸಿಕೊಂಡು ಅದರಿಂದಲೇ ಕಾಯ್ದಿರಿಸಿ ನೋಡಿದ, ಹೂವಿನ ಹಾಗೆ ನಡೆಯಿತು. ಏಕೆಂದರೆ ಯಾವಾಗಲೋ ಕಲಿಯುವ ಹುಮ್ಮಸ್ಸಿನಲ್ಲಿ ಅವನು ತಾನೇ ನೇರವಾಗಿ ಆ ಅನುಮತಿಯನ್ನು ಬರೆಸಿ ಮರೆತುಬಿಟ್ಟಿದ್ದ. ಬಾಳಿನಲ್ಲಿ ಒಂದೇ ಒಂದು ಸಲ ಸ್ವತಃ ಹೋಗಿ ಕೇಳಿದ್ದ, ಅದೂ ಅವನಿಗೆ ಮೋಸ ಮಾಡಿತು.

ಉದ್ಘಾಟನೆಗೆ ಎಲ್ಲರೂ ಕೆಳಗಿನ ಹಾಲ್‌ನಲ್ಲಿ ಸೇರಿದರು. ಮೊದಲು ಅವನು ಮಾಡಿದ ಕೆಲಸವೆಂದರೆ ಎರಡೂ ಕರಾರುಗಳ ಯಜಮಾನಿಕೆಯನ್ನು ಶಾಶ್ವತವಾಗಿ ಬಿಟ್ಟುಕೊಟ್ಟದ್ದು. ಇನ್ನು ಹೊಸ ತಾಸು ಹುಟ್ಟಿಸಲು, ಕರಾರನ್ನು ತಿದ್ದಲು ಅವನಿಂದಲೂ ಆಗದು. "ಇವತ್ತಿನಿಂದ ನನ್ನನ್ನೂ ನಂಬಬೇಕಾಗಿಲ್ಲ" ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟ, ಸೆಕ್ರೆಟರಿ ಅದನ್ನು ಓದಿದರು, ಜನ ಚಪ್ಪಾಳೆ ತಟ್ಟಿದರು. ನಂಬಬೇಕಾಗಿಲ್ಲ ಎಂಬುದು ಅಷ್ಟು ಬೇಗ ನಿಜವಾಗುತ್ತದೆ ಎಂದು ಅವರಿಗೇನು ಗೊತ್ತು.

ಮೊದಲು ಕಾಯ್ದಿರಿಸುವ ಗೌರವ ಅಕ್ಕನಿಗೆ. ಗೌರವಕ್ಕಿಂತ ಹೆಚ್ಚಾಗಿ ಅದು ಅವಳ ಅಗತ್ಯ. ವರ್ಷಗಟ್ಟಲೆ ಓಡುವ ಬಸ್ಸಿನಲ್ಲಿ ನಿಂತು ನಿಂತು ಅವಳ ಬಲ ಮಂಡಿ ಸವೆದುಹೋಗಿತ್ತು. ಮುಂದಿನ ತಿಂಗಳು ಆಪರೇಷನ್. ಮನೆಗೆ ಬಂದ ಮೇಲೆ ಕೆಲವು ವಾರ ಹಗಲೆಲ್ಲ ಯಾರಾದರೂ ಜೊತೆಗಿರಲೇಬೇಕು, ಇಲ್ಲವಾದರೆ ಮಾಡುವುದೇ ಇಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಕ್ಕನಿಗೆ ಚಿಂತೆಯಿರಲಿಲ್ಲ. ಕಟ್ಟಡದಲ್ಲೇ ಅತಿ ಹೆಚ್ಚು ತಾಸು ಅವಳದು. ಎರಡನೇ ಅಂತಸ್ತಿನ ಗಡಿಯಾರ ರಿಪೇರಿಯ ಮುದುಕನಿಗೆ ಕಣ್ಣಿನ ಪೊರೆ ತೆಗೆದಾಗ ಹೊತ್ತು ಹೊತ್ತಿಗೆ ಔಷಧಿ ಹನಿ ಹಾಕಿದವಳು ಅವಳು. ಬೇಕರಿಯವಳ ಅವಳಿ ಮಕ್ಕಳನ್ನು ಬೆಳಗಿನ ಹೊತ್ತು ತೊಡೆಯ ಮೇಲೆ ಮಲಗಿಸಿಕೊಂಡವಳು ಅವಳು. ಸೆಕ್ರೆಟರಿಯ ತಾಯಿ ಹಾಸಿಗೆ ಹಿಡಿದಾಗ ಮೈ ಒರೆಸಿ, ಬಟ್ಟೆ ಬದಲಾಯಿಸಿ, ಕೊನೆಯವರೆಗೂ ಕೈ ಹಿಡಿದು ಕೂತವಳೂ ಅವಳೇ. ಯಾವತ್ತೋ ನನಗೂ ಬೇಕಾಗುತ್ತದೆ ಎಂದು ಒಂದೊಂದೇ ತಾಸು ಕೂಡಿಟ್ಟಿದ್ದಳು. ಆ ಯಾವತ್ತೋ ಈಗ ಬಂದಿತ್ತು.

ಅಕ್ಕ ಮೊಬೈಲಿನಲ್ಲಿ ಗುಂಡಿ ಒತ್ತಿದಳು. ಕೆಂಪು ಅಕ್ಷರ ಬಂತು. ಮತ್ತೆ ಒತ್ತಿದಳು, ಮತ್ತೆ ಕೆಂಪು. "ಅನುಮತಿ ಇಲ್ಲ ಅಂತಿದೆ ಕಣೋ. ಯಾರ ಅನುಮತಿ? ನನ್ನ ತಾಸು, ನಾನೇ ಒತ್ತಿದ್ದು" ಅಂದಳು. ಹಾಲ್‌ನಲ್ಲಿ ಗುಸುಗುಸು ಶುರುವಾಯಿತು. ಇಂಥ ಹೊತ್ತಿನಲ್ಲಿ ತಿಳಿದವರು "ಸ್ವಲ್ಪ ಇರಿ, ನೋಡ್ತೀನಿ" ಅನ್ನುತ್ತಾರೆ. ಇವನು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ, ಹೆಂಡತಿ ಅಕ್ಕನಿಗೆ ದಾಟಿಸಿದಳು: "ಅತ್ತಿಗೆ, ಕಾಯ್ದಿರಿಸೋದೆಲ್ಲ ಬೇಡವಂತೆ, ತಾಸುಗಳನ್ನ ನೇರವಾಗಿ ಆ ಕರಾರಿನ ವಿಳಾಸಕ್ಕೇ ಕಳಿಸಿಬಿಡಬೇಕಂತೆ. ಮಿಕ್ಕಿದ್ದು ಇವರು ನೋಡ್ಕೋತಾರಂತೆ." ಅಕ್ಕ ಕಳಿಸಿದಳು. ಎಲ್ಲವನ್ನೂ ಕಳಿಸಿದಳು. ಈ ಸಲ ಹಸಿರು ಅಕ್ಷರ ಬಂತು, ಮತ್ತೆ ಚಪ್ಪಾಳೆ.

ಶಿಫಾರಸಪ್ಪ ಮನೆಗೆ ಬಂದು ನೋಡಿದರೆ, ತಾಸುಗಳು ಹೋಗಿ ಕೂತಿದ್ದವು ನಿಜ. ಆದರೆ ತನ್ನ ಹೆಸರಿಗೆ ಏನೋ ಬಂದಿದೆ ಎಂಬುದೇ ಕಾಯ್ದಿರಿಸುವ ಕರಾರಿಗೆ ಗೊತ್ತಿಲ್ಲ. ತಾನಾಗಿ ಹೋಗಿ ತಂದದ್ದನ್ನು ಮಾತ್ರ ಅದು ಲೆಕ್ಕಕ್ಕೆ ಹಿಡಿಯುತ್ತದೆ, ಲೆಕ್ಕಕ್ಕೆ ಹಿಡಿದದ್ದನ್ನು ಮಾತ್ರ ಹೊರಗೆ ಕೊಡುತ್ತದೆ. ಈಗ ಆ ತಾಸುಗಳೆಲ್ಲ ಅದರವೇ. ಅದು ಟೋಕನ್ ಕರಾರಿನ ಕಿಟಕಿಗೆ ಹೋಗಿ "ನನ್ನದನ್ನು ಅಕ್ಕನಿಗೆ ವಾಪಸು ಕೊಡು" ಎಂದು ಒಂದು ಮಾತು ಹೇಳಿದರೆ ತಕ್ಷಣ ಆಗುವ ಕೆಲಸ. ಹಾಗೆ ಹೇಳಲು ಅದಕ್ಕೊಂದು ಸಾಲು ಬೇಕು. ಆ ಸಾಲನ್ನು ಇವನು ಬರೆದಿರಲಿಲ್ಲ, ಇನ್ನು ಬರೆಯುವ ಅಧಿಕಾರವನ್ನು ಚಪ್ಪಾಳೆಯ ಜೊತೆಗೆ ಬಿಟ್ಟುಕೊಟ್ಟಿದ್ದ. ತಾನು ಬರೆದದ್ದನ್ನೇ ತಿರುಗಿಸಿ ತಿರುಗಿಸಿ ಓದಿದ. ಓದಿದರೆ ಸಾಲು ಹುಟ್ಟುತ್ತದೆಯೇ?

ಸುದ್ದಿಯನ್ನು ಅಕ್ಕನಿಗೆ ಮುಟ್ಟಿಸಿದ್ದೂ ಹೆಂಡತಿಯೇ. ಅಕ್ಕ ಕೇಳಿಸಿಕೊಂಡು, "ಅಂದ್ರೆ ಬಸ್ಸು ಇದೆ, ಒಳಗೆ ನಾನೂ ಇದ್ದೀನಿ, ಬಾಗಿಲೇ ಇಟ್ಟಿಲ್ಲ" ಅಂದಳಂತೆ. ನಕ್ಕಳಂತೆ ಕೂಡ. ಅವಳು ನಕ್ಕಳು ಎಂದು ಕೇಳಿ ಶಿಫಾರಸಪ್ಪನಿಗೆ ಸಮಾಧಾನವಾಯಿತು. ನಗುವವರಿಗೆ ನೋವಿಲ್ಲ ಎಂದುಕೊಳ್ಳುವುದು ಎಷ್ಟು ಅನುಕೂಲ.

ಸೆಕ್ರೆಟರಿ ಮತ್ತೆ ಸಭೆ ಕರೆದರು. ಅವರ ಸಲಹೆ ಸರಳವಾಗಿತ್ತು. "ಇದನ್ನ ಇಲ್ಲಿಗೇ ಬಿಟ್ಟು ಹೊಸದೊಂದು ಟೋಕನ್ ಮಾಡೋಣ. ಅಕ್ಕನ ತಾಸು ಎಷ್ಟಿತ್ತೋ ಅಷ್ಟನ್ನ ಅದರಲ್ಲಿ ಹಾಕೋಣ. ಅವರು ಮಾಡಿರೋದು ನಮಗೆಲ್ಲ ಗೊತ್ತಿರೋದೇ ತಾನೆ?" ಎಲ್ಲರೂ ತಲೆಯಾಡಿಸಿದರು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

ಆಗ ಬಾಳಿನಲ್ಲಿ ಮೊದಲ ಸಲ ಶಿಫಾರಸಪ್ಪ ತಾನಾಗಿ ಎದ್ದು ನಿಂತ. ಯಾರ ಶಿಫಾರಸೂ ಇಲ್ಲದೆ ಬಾಯಿ ತೆರೆದ. ಅದಕ್ಕೊಂದು ಕಾರಣವಿತ್ತು. ಸಂಜೆ ತರಗತಿಯವರು ನಡೆಸುವ ದೊಡ್ಡ ಸಮ್ಮೇಳನದಲ್ಲಿ 'ನಂಬಿಕೆ ಬೇಕಿಲ್ಲದ ಕಟ್ಟಡ' ಎಂಬ ವಿಷಯದ ಮೇಲೆ ಮಾತಾಡಲು ಅವನನ್ನು ಕರೆದಿದ್ದರು. ಆ ಕಟ್ಟಡವೇ ಮೊದಲ ವಾರದಲ್ಲಿ ಕರಾರನ್ನು ಕಸದ ಬುಟ್ಟಿಗೆ ಹಾಕಿದರೆ ಅವನು ಅಲ್ಲಿ ನಿಂತು ಏನು ಮಾತಾಡಬೇಕು, ಮೆಟ್ಟಿಲ ಕೆಳಗಿನ ಹಲಗೆಯ ಬಗ್ಗೆಯೇ?

"ನಮಗೆ ಗೊತ್ತು ಅನ್ನೋದು ಪುರಾವೆ ಅಲ್ಲ" ಅಂದ. ದನಿ ನಡುಗುತ್ತಿತ್ತು, ಮಾತು ಮಾತ್ರ ಪುಸ್ತಕದ ಹಾಗೆ ಬಂತು. "ಒಬ್ಬರಿಗೋಸ್ಕರ ಬದಲಾಯಿಸಿದ್ರೆ ನಾಳೆ ಇನ್ನೊಬ್ಬರು ಬರ್ತಾರೆ. ಆಮೇಲೆ ಇದಕ್ಕೇನು ಬೆಲೆ? ಕಳಿಸೋ ಮುಂಚೆ ವಿಳಾಸ ನೋಡ್ಕೊಳ್ಳೋದು ಬಳಕೆದಾರರ ಜವಾಬ್ದಾರಿ."

ಬಳಕೆದಾರರು ಅಂದರೆ ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಆ ವಿಳಾಸ ಕೊಟ್ಟದ್ದು ಯಾರು ಎಂಬುದೂ ಗೊತ್ತಿತ್ತು. ಅಕ್ಕನ ಪರವಾಗಿ ಜಗಳಕ್ಕೆ ನಿಲ್ಲಲು ಅರ್ಧ ಸಭೆ ಸಿದ್ಧವಾಗಿತ್ತು. ಆದರೆ ತಮ್ಮನ ಮುಖ ಬಿಳಿಚಿಕೊಂಡಿರುವುದನ್ನು ಅಕ್ಕ ನೋಡಿದ್ದಳು. ಅವನು ಹುಟ್ಟಿದಾಗಿನಿಂದ ಅವನ ಮಾನ ಕಾಯುವುದು ಅವಳ ಡ್ಯೂಟಿ. ಕೋಲೂರಿ ಮೆಲ್ಲಗೆ ಎದ್ದಳು.

"ಸರಿ ಬಿಡಿ. ಅವನು ಬಾಯಿ ಬಿಟ್ಟು ಮಾತಾಡಿದ್ದೇ ದೊಡ್ಡದು. ಬಳಕೆದಾರಳು ಮನೆಗೆ ಹೋಗ್ತಾಳೆ, ಕಾಲು ನೋಯ್ತಿದೆ."

ಸಭೆ ಮುರಿಯಿತು. ಅಕ್ಕ ಒಂದು ಮಾತು ಕರೆಯಲಿ, ತಾಸೂ ಬೇಡ ಟೋಕನ್ನೂ ಬೇಡ, ಹೋಗಿ ಕೂರೋಣ ಎಂದು ಜನ ಕಾದರು. ಅಕ್ಕ ಕರೆಯಲಿಲ್ಲ. ಲೋಕಕ್ಕೆಲ್ಲ ಕೇಳಿದವಳಿಗೆ ತನಗಾಗಿ ಕೇಳಲು ಬಾಯಿ ಬರಲಿಲ್ಲ. ತಮ್ಮ ಸಭೆಯಲ್ಲಿ ಅಷ್ಟು ಹೇಳಿದ ಮೇಲೆ ಹೋಗಿ ಬಾಗಿಲು ಬಡಿದರೆ ಅವನ ಮಾತಿಗೆ ಮಣ್ಣು ಹಾಕಿದ ಹಾಗೆ ಎಂದೂ ಅವಳಿಗೆ ಅನ್ನಿಸಿರಬೇಕು. ಶಿಫಾರಸಪ್ಪ ಸಮ್ಮೇಳನಕ್ಕೆ ಚಿತ್ರಗಳನ್ನು ತಯಾರಿಸುತ್ತ ಕೂತ. ಬಾಣದ ಗುರುತುಗಳು, ಚೌಕಗಳು, ಎರಡು ಕರಾರುಗಳ ನಡುವೆ ಒಂದು ಅಂದವಾದ ಗೆರೆ.

ಒಂದು ಬೆಳಿಗ್ಗೆ ಹೆಂಡತಿ ಅಂಗಡಿಗೆ ಹೊರಡುವ ಮುಂಚೆ ಬ್ರೆಡ್ಡಿನ ತಟ್ಟೆಯನ್ನು ಅವನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟಳು.

"ಅತ್ತಿಗೆ ಆಪರೇಷನ್ ಬೇಡ ಅಂತ ಆಸ್ಪತ್ರೆಗೆ ಫೋನ್ ಮಾಡೋಕೆ ಹೊರಟಿದ್ದಾರೆ."

"ಯಾಕೆ?"

"ನೋಡ್ಕೊಳ್ಳೋರು ಯಾರೂ ಇಲ್ಲವಲ್ಲ. ಈಗ ಬಿಟ್ರೆ ಮತ್ತೆ ಯಾವಾಗ ಕರೀತಾರೋ ಗೊತ್ತಿಲ್ಲ. ಅಷ್ಟರಲ್ಲಿ ಮಂಡಿ ಮಡಚೋದೇ ನಿಂತುಹೋಗಬಹುದು ಅಂತ ಡಾಕ್ಟರು ಹೇಳಿದ್ದಾರೆ."

ಶಿಫಾರಸಪ್ಪ ಬ್ರೆಡ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ. ಅಕ್ಕ ಮೆಟ್ಟಿಲು ಹತ್ತಲಾರದವಳಾಗುವುದು, ಅಂಗಡಿಗೆ ಹೋಗಲಾರದವಳಾಗುವುದು, ಬಾಗಿಲವರೆಗೂ ಬರಲಾರದವಳಾಗುವುದು ಕಣ್ಣ ಮುಂದೆ ಬಂತು. ಆಮೇಲೆ ಅವನಿಗೆ ಹೊಳೆದ ಉಪಾಯ ಎಂದಿನದೇ.

"ನೀನು ಒಂದು ಸಲ ಎಲ್ಲರ ಮನೆಗೂ ಹೋಗಿ ಕೇಳಿಬಿಡು."

"ನಾನು ಹೋದ್ರೆ ನಾನು ಕೇಳಿದ ಹಾಗಾಗುತ್ತೆ" ಅಂದಳು ಹೆಂಡತಿ. "ಬಳಕೆದಾರರ ಜವಾಬ್ದಾರಿ ಅಂದಿದ್ದು ನಾನಲ್ಲ. ನನ್ನ ಪಾಲಿನ ಹೊತ್ತು ನಾನು ಆಗಲೇ ಅತ್ತಿಗೆಗೆ ಹೇಳಿ ಬಂದಿದ್ದೀನಿ, ಬೆಳಿಗ್ಗೆ ಅಂಗಡಿಗೆ ಹೋಗೋ ತನಕ ನಾನಿರ್ತೀನಿ. ಮಿಕ್ಕಿದ್ದು ನಿಮಗೆ ಬಿಟ್ಟಿದ್ದು ರೀ." ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಹೋದಳು.

ಮನೆಯಿಂದ ಎರಡನೇ ಅಂತಸ್ತಿಗೆ ಒಂದೇ ಮಹಡಿ ಇಳಿಯಬೇಕು. ಇಳಿಯುವಷ್ಟರಲ್ಲಿ ಅವನು ಎರಡು ಸಲ ವಾಪಸು ಹತ್ತಿದ. ಕೊನೆಗೆ ಗಡಿಯಾರ ರಿಪೇರಿಯ ಮುದುಕನ ಬಾಗಿಲು ತಟ್ಟಿದ. ಒಳಗೆ ಮೇಜಿನ ತುಂಬ ಬಿಚ್ಚಿಟ್ಟ ಗಡಿಯಾರಗಳು. ಮುದುಕ ಒಂದು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯಲ್ಲೇ ಇವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಏನಪ್ಪಾ, ನೀನೇ ಬಂದಿದ್ದೀಯ? ಮನೇಲಿ ಯಾರಿಗೂ ಹುಷಾರಿಲ್ವಾ?"

"ಅಲ್ಲ ಯಜಮಾನ್ರೇ. ಅಕ್ಕನ ಆಪರೇಷನ್ ವಿಷಯ. ಸ್ವಲ್ಪ ಹೊತ್ತು ಜೊತೆಗೆ ಕೂರೋಕೆ ಜನ ಬೇಕಾಗಿತ್ತು."

"ಇದು ಅಕ್ಕ ಕೇಳ್ತಿರೋದಾ, ನೀನು ಕೇಳ್ತಿರೋದಾ?"

ಅಕ್ಕ ಅಂದುಬಿಟ್ಟರೆ ಸುಲಭ. ಆ ಹೆಸರಿಗೆ ಈ ಕಟ್ಟಡದಲ್ಲಿ ತೆರೆಯದ ಬಾಗಿಲಿಲ್ಲ. ಆದರೆ ಅಕ್ಕ ಕೇಳಿರಲಿಲ್ಲ.

"ನಾನೇ" ಅಂದ. "ಸಭೇಲಿ ನಾನು ಹಾಗೆ ಹೇಳಬಾರದಾಗಿತ್ತು. ತಪ್ಪು ವಿಳಾಸಕ್ಕೆ ಕಳಿಸಿ ಅಂದಿದ್ದು ನಾನು. ಕರಾರು ಬರೆದಿದ್ದೂ ನಾನೇ."

"ಅದು ನಮಗೆಲ್ಲ ಗೊತ್ತಿತ್ತಲ್ಲಪ್ಪ. ನಿನಗೆ ಯಾವಾಗ ಗೊತ್ತಾಗುತ್ತೆ ಅಂತ ಕಾಯ್ತಿದ್ವಿ." ಮುದುಕ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. "ನಾನು ಬೆಳಿಗ್ಗೆ ಹತ್ತಕ್ಕೆ ಹೋಗಿ ಊಟದವರೆಗೂ ಇರ್ತೀನಿ, ಕೆಲಸ ಅಲ್ಲೇ ತಗೊಂಡು ಹೋಗ್ತೀನಿ. ಬೇಕರಿಯವಳು ಸಂಜೆ ಅಂಗಡಿ ಮುಚ್ಚಿ ಬರ್ತಾಳೆ, ಅವಳನ್ನೂ ಹೋಗಿ ಕೇಳು. ಮಧ್ಯಾಹ್ನ ನೀನು ಇರ್ತೀಯ ತಾನೆ?"

ಜನ ಬೇಕು ಎಂದು ಕೇಳಲು ಬಂದವನಿಗೆ ಆ ಜನದಲ್ಲಿ ತಾನೂ ಒಬ್ಬ ಎಂಬುದು ಹೊಳೆದೇ ಇರಲಿಲ್ಲ. ತಾಸು ಕೂಟಕ್ಕೆ ಎರಡು ಕರಾರು ಬರೆದುಕೊಟ್ಟವನು ಯಾರ ಮನೆಯಲ್ಲೂ ಒಂದು ತಾಸು ಕೂತವನಲ್ಲ. ಹೂಂ, ಇರ್ತೀನಿ ಅಂದ.

ಆಪರೇಷನ್ ಆಯಿತು. ಅಕ್ಕ ಮನೆಗೆ ಬಂದಳು. ಕಟ್ಟಡದವರು ಯಾವ ಲೆಕ್ಕವೂ ಇಲ್ಲದೆ ಬಂದು ಹೋಗಿ ಮಾಡಿದರು. ಸಮ್ಮೇಳನದ ದಿನ ಇವನ ಮಧ್ಯಾಹ್ನದ ಪಾಳಿಗೇ ಬಂದದ್ದರಿಂದ, ಬರಲಾಗುವುದಿಲ್ಲ ಎಂದು ತಾನೇ ಫೋನ್ ಮಾಡಿ ಹೇಳಿದ. ಆ ಜಾಗದಲ್ಲಿ ಇನ್ಯಾರೋ ಇನ್ಯಾವುದೋ ಕಟ್ಟಡದಲ್ಲಿ ನಂಬಿಕೆಯನ್ನು ಹೇಗೆ ತೊಲಗಿಸಿದೆವು ಎಂದು ಮಾತಾಡಿ ಚಪ್ಪಾಳೆ ಗಿಟ್ಟಿಸಿದರಂತೆ. ಅಕ್ಕನ ತಾಸುಗಳು ಇವತ್ತಿಗೂ ಆ ಕಾಯ್ದಿರಿಸುವ ಕರಾರಿನ ಹೆಸರಿನಲ್ಲಿಯೇ ಇವೆ. ಬೇಕಾದವರು ಹೋಗಿ ನೋಡಬಹುದು, ಮುಟ್ಟುವಂತಿಲ್ಲ.

ಮಧ್ಯಾಹ್ನದ ಪಾಳಿ ಎಂದರೆ ಅವನಿಗೆ ಅಕ್ಕನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಲ್ಯಾಪ್‌ಟಾಪ್ ತೆರೆದು ಕೂರುವುದು. ಮೂರನೇ ದಿನವೋ ನಾಲ್ಕನೇ ದಿನವೋ, ಅಕ್ಕ ಮಲಗಿದಲ್ಲೇ ಅತ್ತಿತ್ತ ಮಿಸುಕಾಡುತ್ತಿದ್ದಳು.

"ಬೇಕರಿಯವಳು ಎಷ್ಟೊತ್ತಿಗೆ ಬರ್ತಾಳೆ?" ಅಂದಳು.

"ಸಂಜೆಗೆ. ಯಾಕಕ್ಕ, ಏನಾದ್ರೂ ಬೇಕಾ?"

"ಏನಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. "ನಿನ್ನ ಹೆಂಡತಿ ಇವತ್ತು ಬೇಗ ಬರ್ತಾಳೇನೋ?"

"ಇಲ್ಲ ಅಕ್ಕ. ಏನು ಬೇಕು ಹೇಳು."

"ಏನಿಲ್ಲ ಅಂದ್ನಲ್ಲ." ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹಣೆಯ ಮೇಲೆ ಬೆವರಿತ್ತು. ಆಗ ಅವನ ಮಂದಬುದ್ಧಿಗೆ ಅರ್ಥವಾಯಿತು. ಅವಳು ಬಚ್ಚಲಿಗೆ ಹೋಗಬೇಕು. ಎಷ್ಟೋ ಹೊತ್ತಿನಿಂದ ತಡೆದುಕೊಂಡು, ಬೇರೆ ಯಾರಾದರೂ ಬರಲಿ ಎಂದು ಕಾಯುತ್ತಿದ್ದಾಳೆ.

"ನಾನು ಇಲ್ಲೇ ಇದ್ದೀನಲ್ಲಕ್ಕ. ನನಗೆ ಹೇಳಬಾರದಾ?"

ಅಕ್ಕ ಅವನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಇದ್ದಿದ್ದರೆ ಅವನು ತಾಳಿಕೊಳ್ಳುತ್ತಿದ್ದ.

"ನಿನ್ನನ್ನ ಏನಾದ್ರೂ ಕೇಳಿ ನಂಗೆ ರೂಢಿ ಇಲ್ಲ ಕಣೋ."

ಶಿಫಾರಸಪ್ಪನಿಗೆ ತನಗಾಗಿ ಅವಳು ಅಪ್ಪನ ಹತ್ತಿರ, ಪ್ರಯಾಣಿಕರ ಹತ್ತಿರ, ಕನ್ನಡಕದ ಅಂಗಡಿಯಲ್ಲಿ, ಈ ಕಟ್ಟಡದವರ ಹತ್ತಿರ ಕೇಳಿದ್ದೆಲ್ಲ ನೆನಪಾಯಿತು. ಅವಳು ತನ್ನ ಹತ್ತಿರ ಏನಾದರೂ ಕೇಳಿದ್ದು ಮಾತ್ರ ಎಷ್ಟು ಹುಡುಕಿದರೂ ಒಂದೂ ನೆನಪಾಗಲಿಲ್ಲ. ನಾಚಿಕೆಯಾಯಿತು. ಲ್ಯಾಪ್‌ಟಾಪ್ ಮುಚ್ಚಿ ನೆಲದ ಮೇಲಿಟ್ಟು, ಮೂಲೆಯಲ್ಲಿದ್ದ ವಾಕರನ್ನು ಮಂಚದ ಪಕ್ಕಕ್ಕೆ ತಂದು ನಿಲ್ಲಿಸಿ, ಅದರ ಪಕ್ಕದಲ್ಲಿ ತಾನೂ ನಿಂತ.

"ಕೇಳು ಅಕ್ಕ" ಅಂದ.

ಅಕ್ಕ ಗೋಡೆಯ ಕಡೆ ನೋಡಿದಳು. ಬಾಗಿಲ ಕಡೆ ನೋಡಿದಳು. ಯಾರೂ ಬರುವ ಹಾಗಿರಲಿಲ್ಲ.

"ಹಿಡ್ಕೋ" ಅಂದಳು ಮೆಲ್ಲಗೆ.

ಹಿಡಿದುಕೊಂಡ. "ಆ ಕಡೆ ಅಲ್ಲ, ಈ ಕಡೆ. ತೋಳು ಎಳೀಬೇಡ, ಬೆನ್ನಿಗೆ ಕೈ ಕೊಡು" ಎಂದು ಅವಳು ಹೇಳುತ್ತ ಹೋದಳು, ಅವನು ಹಾಗೆಯೇ ಮಾಡುತ್ತ ಹೋದ, ಇಬ್ಬರೂ ನಿಧಾನವಾಗಿ ಬಚ್ಚಲ ಬಾಗಿಲು ತಲುಪಿದರು.